ಕರಿ ನಾಕು, ಬಿಳಿ ನಾಕು

ನಮ್ಮ ಸಂಘಕ್ಕೆ ಬೋರ್ಡಿಲ್ಲ, ಅಧ್ಯಕ್ಷರಿಲ್ಲ, ಹಾರ ತುರಾಯಿಯಂತೂ ಇಲ್ಲವೇ ಇಲ್ಲ. ತಿಂಗಳಿಗೊಂದು ಭಾನುವಾರ ಸಂಜೆ, ಶ್ರೀರಂಗಪಟ್ಟಣದಲ್ಲಿ ಪೇಟಿ ರಿಪೇರಿ ಮಾಡುವ ಸಾಹೇಬರ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಪೇಟಿ ಎಂದರೆ ಹಾರ್ಮೋನಿಯಂ. ಅಷ್ಟು ಉದ್ದದ ಹೆಸರು ಹೇಳುವ ಪುರುಸೊತ್ತು ನಮ್ಮ ಕಡೆ ಯಾರಿಗೂ ಇಲ್ಲ. ಪೇಟಿ ನುಡಿಸುವವರು ನಾವು ನಾಲ್ಕೈದು ಜನ, ತಬಲಕ್ಕೆ ಕೆ.ಆರ್. ಪೇಟೆಯ ಒಬ್ಬ ರಿಟೈರಾದ ಬಸ್ ಕಂಡಕ್ಟರು, ಜೊತೆಗೆ ನಾಗಮಂಗಲದಿಂದ ಬರುವ ಅಕಾರ್ಡಿಯನ್ನಿನವನು. ಅಕಾರ್ಡಿಯನ್ನನ್ನು ನೋಡದವರು ಹೀಗೆ ತಿಳಿದುಕೊಳ್ಳಿ: ಅದು ಎದೆಗೆ ಕಟ್ಟಿಕೊಂಡು, ಎರಡು ಕೈಯಲ್ಲಿ ಹಿಗ್ಗಿಸಿ ಕುಗ್ಗಿಸಿ ನುಡಿಸುವ ಪೇಟಿ. ಅವನು ಒಂದು ಕಾಲದಲ್ಲಿ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ನಡೆಯುತ್ತಾ ನುಡಿಸುತ್ತಿದ್ದವನು. ಈಗಲೂ ಕೂತು ನುಡಿಸು ಎಂದರೆ ಅವನಿಗೆ ಆಗುವುದಿಲ್ಲ. ಕೋಣೆಯ ತುಂಬ ಓಡಾಡುತ್ತಾನೆ, ನಾವು ಕಾಲು ಮಡಚಿಕೊಂಡು ದಾರಿ ಬಿಡಬೇಕು.

ನಮ್ಮತ್ತಿಗೆ, ಅಂದರೆ ನಮ್ಮಣ್ಣನ ಹೆಂಡತಿ, ಈ ಕೂಟದ ಸುದ್ದಿ ಮೊದಲ ಸಲ ಕೇಳಿದಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದಳು. "ಡೈರಿ ಆಲಿನ ಸಂಘ ಗೊತ್ತು, ಎಂಗುಸ್ರ ಸಂಘ ಗೊತ್ತು. ಇದ್ಯಾವುದವ್ವ ಗಾಳಿ ಸಂಘ?" ಅಂದಿದ್ದಳು. ಅಂದದ್ದೇ ತಡ, ಹೆಸರು ನಿಂತುಬಿಟ್ಟಿತು. ಈಗ ಸಾಹೇಬರೇ ಫೋನ್ ಮಾಡಿ, "ಅಕ್ಕಾ, ಈ ಭಾನುವಾರ ಗಾಳಿ ಸಂಘ ಇದೆ, ಮರೀಬೇಡಿ" ಅನ್ನುತ್ತಾರೆ.

ನಾನು ಪಾಂಡವಪುರದಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಬಾಯಿ ಸ್ವಲ್ಪ ಜೋರು. ರವಿಕೆ ತೋಳು ಬಿಗಿಯಾಯಿತು ಎಂದು ಬಂದವಳಿಗೆ ತೋಳು ದಪ್ಪಗಾಗಿದೆ ಎಂದು ಮುಖದ ಮೇಲೇ ಹೇಳುವವಳು ನಾನು. ಆದರೂ ಬರುತ್ತಾರೆ, ನನ್ನ ಹೊಲಿಗೆ ಹಾಗಿದೆ. ಪೇಟಿ ಕಲಿತದ್ದು ಅಣ್ಣನಿಂದ. ಅಣ್ಣನಿಂದ ಎಂದರೆ ಅವನು ಕಲಿಸಿದ್ದಲ್ಲ, ಕಲಿಯಲು ಬಿಟ್ಟದ್ದು. ನಾನು ಲಂಗ ಹಾಕುತ್ತಿದ್ದ ಕಾಲದಲ್ಲಿ ನಮ್ಮೂರಿನಲ್ಲಿ ಪೌರಾಣಿಕ ನಾಟಕ ಕಲಿಯುತ್ತಿದ್ದರು. ನಾಟಕದ ಮೇಷ್ಟರು ತರುತ್ತಿದ್ದದ್ದು ಕಾಲುಪೇಟಿ. ಅದಕ್ಕೆ ಕೈಯಲ್ಲಿ ಗಾಳಿ ಹಾಕುವ ಹಾಗಿಲ್ಲ, ಕಾಲಲ್ಲಿ ತುಳಿಯಬೇಕು. ಮೇಷ್ಟರು ಟೀಗೆ ಎದ್ದ ಕೂಡಲೇ ನಾನು ಹೋಗಿ ಕೂತುಬಿಡುತ್ತಿದ್ದೆ. ಒಂದು ದಿನ ಊರಿನ ದೊಡ್ಡವರೊಬ್ಬರು, ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದು ಗದರಿದರು. ಅಣ್ಣ ಅವತ್ತು ಪಾತ್ರದ ಗದೆಯನ್ನು ಹೆಗಲಿಂದ ಇಳಿಸಿ, "ಒಲಿಗೆ ಮಿಸಿನ್ನು ತುಳುದ್ರೆ ಆಯ್ತದೆ, ಪೇಟಿ ತುಳುದ್ರೆ ಆಗಾಕಿಲ್ವಾ? ತುಳೀಲಿ ಬುಡಿ" ಅಂದ. ಗದೆ ರಟ್ಟಿನದೇ, ಆದರೂ ಆ ದೊಡ್ಡವರು ಎರಡು ಹೆಜ್ಜೆ ಹಿಂದೆ ಸರಿದರು.

ನಮ್ಮಣ್ಣನಿಗೆ ನಾಲ್ಕು ತಾಲ್ಲೂಕಿನಲ್ಲೂ ಒಂದೇ ಹೆಸರು, ಕರಿ ನಾಕು. ಅವನ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಇದು ಯಾಕೆ ಎಂದು ಹೇಳಿಬಿಡುತ್ತೇನೆ. ಪೇಟಿಯಲ್ಲಿ ಬೆರಳಿಡುವ ಪಟ್ಟಿಗಳಿಗೆ ನಾವು ಮನೆ ಅನ್ನುತ್ತೇವೆ. ಬಿಳಿ ಮನೆ ಇದೆ, ಕರಿ ಮನೆ ಇದೆ, ಎಡದಿಂದ ಬಲಕ್ಕೆ ಹೋದಂತೆ ದನಿ ಏರುತ್ತದೆ. ಹಾಡುವವರು ತಮ್ಮ ಗಂಟಲಿಗೆ ಒಗ್ಗುವ ಒಂದು ಮನೆ ಹಿಡಿದು ಅಲ್ಲಿಂದ ಹಾಡು ಎತ್ತುತ್ತಾರೆ. ಅದೇ ಅವರ ಶ್ರುತಿ. ಗಂಡಸರಲ್ಲಿ ಹೆಚ್ಚಿನವರು ಕರಿ ಒಂದೋ ಎರಡೋ ಹಿಡಿದು ಮರ್ಯಾದೆಯಾಗಿ ಹಾಡಿಕೊಂಡು ಹೋಗುತ್ತಾರೆ. ಅಣ್ಣನದು ಕರಿ ಮನೆಯಲ್ಲಿ ನಾಲ್ಕನೆಯದು. ರಾಜಾಪಾರ್ಟು ಕಟ್ಟಿ, ಪರದೆಯ ಹಿಂದಿನಿಂದಲೇ "ಬಂದೆನಿದೋ" ಎಂದು ಪ್ರವೇಶದ ಹಾಡು ಎತ್ತಿದನೆಂದರೆ, ಆಚೆ ಕಡಲೆಕಾಯಿ ಹುರಿಯುತ್ತಿದ್ದವನು ಸೌಟು ನಿಲ್ಲಿಸುತ್ತಿದ್ದ. ಬೇರೆ ಊರಿನವರು ನಾಟಕ ಇಟ್ಟುಕೊಂಡಾಗ, "ರಾಜಾಪಾರ್ಟಿಗೆ ಯಾರು? ಕರಿ ನಾಕಾ? ಅಂಗಾದ್ರೆ ಬತ್ತೀವಿ ಬುಡು" ಅನ್ನುತ್ತಿದ್ದರು.

ಹೋದ ವರ್ಷ ಅವನ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಮೈಸೂರಿಗೆ ಕರೆದುಕೊಂಡು ಹೋದೆವು, ಆಪರೇಷನ್ ಆಯಿತು, ಗಂಟು ಕೆಟ್ಟದ್ದಲ್ಲ ಎಂದು ಡಾಕ್ಟರು ಹೇಳಿದರು. ಅವತ್ತು ಅತ್ತಿಗೆ ಆಸ್ಪತ್ರೆ ಕಾರಿಡಾರಿನಲ್ಲೇ ಕೂತು ಅತ್ತಳು, ನಾನು ಅವಳನ್ನು ಸುಮ್ಮನಿರಿಸುವ ನೆಪದಲ್ಲಿ ಅತ್ತೆ. ದನಿ ಬರುತ್ತದೆ, ಮೊದಲಿನಷ್ಟು ಏರದೇ ಇರಬಹುದು ಎಂದೂ ಡಾಕ್ಟರು ಹೇಳಿದ್ದರು. ಆ ಸಂತೋಷದಲ್ಲಿ ಎರಡನೇ ಮಾತು ನಮ್ಮ ಕಿವಿಗೆ ಹೋಗಿರಲಿಲ್ಲ.

ಅಣ್ಣನ ಕಿವಿಗೆ ಹೋಗಿತ್ತು. ಗಾಯ ಮಾಗಿದ ಮೇಲೆ ಒಂದು ಸಂಜೆ ನಡುಮನೆಯಲ್ಲಿ ಪೇಟಿ ಇಟ್ಟುಕೊಂಡು ಕೂತ. ಕರಿ ನಾಕು ಒತ್ತಿಕೊಂಡು ಅದೇ ಪ್ರವೇಶದ ಹಾಡು ಎತ್ತಿದ. ಮೇಲಕ್ಕೆ ಹೋಗುವ ಕಡೆ ದನಿ ಒಡೆದು ಗೊರಗೊರ ಅಂದಿತು. ಇನ್ನೊಂದು ಸಲ ಎತ್ತಿದ, ಇನ್ನೊಂದು ಸಲ ಒಡೆಯಿತು. ಪೇಟಿ ಮುಚ್ಚಿ, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿಟ್ಟು, ಅದರ ಮೇಲೆ ಹಸುಗಳ ಬೂಸಾ ಮೂಟೆ ಹೇರಿ ಬಂದ. ಅಷ್ಟೆ. ಅಲ್ಲಿಗೆ ಹಾಡು ಮುಗಿಯಿತು. ಹಾಡು ಮಾತ್ರವಲ್ಲ, ಗಾಳಿ ಸಂಘಕ್ಕೂ ಬರುವುದು ಬಿಟ್ಟ, ನಾಟಕದವರು ಮನೆಗೆ ಬಂದರೆ ಗದ್ದೆ ಕಡೆ ಎದ್ದು ಹೋಗುತ್ತಿದ್ದ.

ನಾನು ಸುಮ್ಮನಿರುತ್ತೇನೆಯೇ? ಊರಿಗೆ ಹೋಗಿ ಜಗಳ ಮಾಡಿದೆ. "ಎರಡು ಮನೆ ಇಳಿಸಿಕೊಂಡು ಹಾಡು ಅಣ್ಣಯ್ಯ. ಯಾರು ಬೇಡ ಅಂದರು?" ಎಂದೆ.

"ಮನೆ ಬುಟ್ಟು ಇಳ್ದೋಗಕ್ಕೆ ನಾನೇನು ಬಾಡ್ಗೆಗಿವ್ನಾ?" ಅಂದ.

"ತಮಾಷೆ ಬೇಡ."

"ತಮಾಸೆ ಅಲ್ಲ ಕಣಮ್ಮಿ. ಜನ ನನ್ನ ಏನಂತ ಕರೀತಾರೆ? ಕರಿ ನಾಕು ಅಂತ. ಅದುರಲ್ಲಿ ಆಡಾಕಾಗ್ದೋನು ನಾನ್ಯಾರು ಮತ್ತೆ? ಕರಿ ನಾಕಲ್ಲಿ ಬರ್ದಿದ್ರೆ ಬಾಯೇ ಬುಡಾಕಿಲ್ಲ, ಓಗು."

ಅವನ ಮುಖ ನೋಡಿ ನನ್ನ ಜೋರೆಲ್ಲ ಇಳಿದುಹೋಯಿತು. ಹಾಡದ ಅಣ್ಣನನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ, ಈ ಮನುಷ್ಯ ಹೀಗೇ ಇದ್ದುಬಿಟ್ಟರೆ ಏನು ಗತಿ ಎಂಬುದೊಂದೇ ಯೋಚನೆ.

ಹೀಗಿರುವಾಗ ಒಂದು ಬೆಳಗ್ಗೆ ಅತ್ತಿಗೆ ವಾಟ್ಸಪ್ಪಿನಲ್ಲಿ ಒಂದು ಆಡಿಯೋ ಕಳಿಸಿದಳು. ಮೊದಲಿಗೆ ಬಕೀಟಿಗೆ ಹಾಲು ಬೀಳುವ ಸದ್ದು, ಹಸುವಿನ ಉಸಿರು, ಎಲ್ಲೋ ಒಂದು ಕೋಳಿ. ತಪ್ಪಿ ಒತ್ತಿ ಕಳಿಸಿದ್ದಾಳೆ ಎಂದುಕೊಂಡೆ. ಆಮೇಲೆ ಅದರೊಳಗಿನಿಂದ ಒಂದು ಗುನುಗು ಕೇಳಿಸಿತು. ಅಣ್ಣ! ಹಾಲು ಕರೆಯುತ್ತಾ, ತನಗೇ ಗೊತ್ತಿಲ್ಲದೆ ಆ ಪ್ರವೇಶದ ಹಾಡನ್ನು ಮೂಗಿನಲ್ಲೇ ಎಳೆಯುತ್ತಿದ್ದಾನೆ. ಮೇಲೂ ಹೋಗುತ್ತಿದ್ದಾನೆ, ಎಲ್ಲೂ ಒಡೆಯುತ್ತಿಲ್ಲ.

ಕೂಡಲೇ ಫೋನ್ ಮಾಡಿದೆ. ಅತ್ತಿಗೆ ಪಿಸುಗುಟ್ಟಿದಳು: "ಆಪ್ರೇಸನ್ ಆದಾಗಿಂದ ಈ ಅಸ ಸರ್ಯಾಗಿ ಸೊರೆ ಬುಡ್ತಿರ್ಲಿಲ್ಲ ಕಣವ್ವ. ಇವ್ರು ಗುನುಗಿದ್ರೇನೇ ಅದು ಆಲು ಇಳ್ಸಾದು. ಇವತ್ತು ಗುನುಗುದ್ರು, ತಟಕ್ನೆ ಇಳ್ಸ್ಬುಡ್ತು! ನಾನು ಗೋಡೆ ಮರೇಲಿ ನಿಂತ್ಕಂಡು ರೆಕಾಡು ಮಾಡ್ದೆ."

ಅಂಗಡಿಯ ಬಾಗಿಲು ಅರ್ಧ ಎಳೆದು, ನನ್ನ ಪೇಟಿ ತೆಗೆದು, ಆ ಗುನುಗಿನ ಜೊತೆಗೆ ಒಂದೊಂದೇ ಮನೆ ಒತ್ತಿ ನೋಡಿದೆ. ಕರಿ ನಾಕಲ್ಲ. ಅದಕ್ಕಿಂತ ಕೆಳಗಿನ ಬಿಳಿಯೂ ಅಲ್ಲ, ಅದರ ಹಿಂದಿನ ಕರಿಯೂ ಅಲ್ಲ. ಅದರ ಹಿಂದಿನ ಬಿಳಿ ಸರಿಯಾಗಿ ಕೂತಿತು. ಬಿಳಿ ಮನೆಯಲ್ಲಿ ನಾಲ್ಕನೆಯದು! ಅಯ್ಯೋ ಶಿವನೇ, ಕೂದಲು ಕರಿ ಇದ್ದದ್ದು ಬಿಳಿಯಾಗಿದೆ, ಶ್ರುತಿಯೂ ಕರಿ ಇದ್ದದ್ದು ಬಿಳಿಯಾಗಿದೆ, ನಂಬರು ಅದೇ ಇದೆ, ಇದಕ್ಕೆ ಈ ಮನುಷ್ಯ ಬೂಸಾ ಮೂಟೆ ಹೇರಿ ಕೂತಿದ್ದಾನಲ್ಲ ಎಂದು ಒಬ್ಬಳೇ ನಕ್ಕೆ. ಬ್ಲೌಸು ಕೇಳಲು ಬಂದ ಹೆಂಗಸು ಬಾಗಿಲ ಸಂದಿಯಿಂದ ನೋಡಿ, ಇವಳಿಗೇನಾಯಿತು ಎಂಬಂತೆ ಹಿಂದಕ್ಕೆ ಸರಿದಳು.

ಆದರೆ ಹೇಳುವುದು ಹೇಗೆ? ಬಿಳಿ ನಾಕು ಎಂದು ಬಾಯಿ ಬಿಟ್ಟರೆ ಮತ್ತೆ ಗದ್ದೆ ಕಡೆ ಎದ್ದು ಹೋಗುತ್ತಾನೆ. ಸಾಹೇಬರ ಹತ್ತಿರ ಹೋಗಿ ಕೇಳಿದೆ. ಅವರು ಆಡಿಯೋ ಕೇಳಿ, ಕಣ್ಣು ಮುಚ್ಚಿ, "ಮಾಷಾ ಅಲ್ಲಾ, ಹಸು ಕೂಡ ತಾಳದಲ್ಲಿದೆ" ಅಂದರು. ಆಮೇಲೆ ಮೂಲೆಯಲ್ಲಿದ್ದ ಒಂದು ಪೇಟಿ ಎಳೆದು ತೋರಿಸಿದರು. ಅದು ಮನೆ ಜರುಗುವ ಪೇಟಿ. ಅದರ ಪಕ್ಕದಲ್ಲೊಂದು ಗುಬುಟು ಇರುತ್ತದೆ. ಅದನ್ನು ಹಿಡಿದು ಮನೆಗಳ ಸಾಲನ್ನೇ ಎಡಕ್ಕೋ ಬಲಕ್ಕೋ ಸರಿಸಿದರೆ, ಬೆರಳು ಒಂದು ಮನೆಯ ಮೇಲಿದ್ದರೂ ದನಿ ಇನ್ನೊಂದು ಮನೆಯದು ಬರುತ್ತದೆ. "ನೀವು ಕರಿ ನಾಕೇ ಒತ್ತಿ ಅಕ್ಕಾ, ಬಿಳಿ ನಾಕು ಮಾತಾಡುತ್ತೆ. ಅವರು ನೋಡೋದು ನಿಮ್ಮ ಬೆರಳು ತಾನೇ?" ಅಂದರು.

ಹೌದು. ಅಣ್ಣನಿಗೆ ಹಾಡುವ ಮೊದಲು ಪೇಟಿಯವರ ಬೆರಳು ಎಲ್ಲಿದೆ ಎಂದು ಕತ್ತು ಚಾಚಿ ನೋಡುವ ಚಾಳಿ. ಒಬ್ಬ ಮೇಷ್ಟರು ಹಿಂದೆ ಯಾವಾಗಲೋ ಮೋಸಮಾಡಿ ಒಂದು ಮನೆ ಇಳಿಸಿದ್ದರೆಂದು ಅವನಿಗೆ ಇನ್ನೂ ಸಿಟ್ಟು. ಪೇಟಿಯ ಹೊಟ್ಟೆಯೊಳಗೆ ಏನೇನಿದೆ ಎಂಬುದು ಮಾತ್ರ ಅವನಿಗೆ ಬೇಕಾಗಿಯೇ ಇರಲಿಲ್ಲ.

ಕರೆತರುವ ನೆಪ ತಾನಾಗಿಯೇ ಸಿಕ್ಕಿತು. ಬೂಸಾ ಮೂಟೆಗೆ ಬಂದ ಇಲಿಗಳು ಕೆಳಗಿದ್ದ ಪೇಟಿಗೆ ಗಾಳಿ ಹಾಕುವ ತಿದಿಯನ್ನೂ ರುಚಿ ನೋಡಿದ್ದವು. ಅತ್ತಿಗೆ ಅದನ್ನು ಅಂಗಳಕ್ಕೆ ತಂದಿಟ್ಟು, "ಆಡ್ದಿದ್ರೆ ಬುಡಿ, ಅಷ್ಟ್ ವರ್ಸದ್ ಪೇಟಿನಾ ಇಲಿ ಬಾಯ್ಗೆ ಆಕ್ಬುಟ್ರಲ್ಲ" ಎಂದು ಒಂದೇ ಮಾತು ಅಂದಳಂತೆ. ಭಾನುವಾರ ಮಧ್ಯಾಹ್ನ ಅಣ್ಣ ಪೇಟಿಯನ್ನು ಮೊಪೆಡ್ಡಿನ ಮುಂದೆ ಇಟ್ಟುಕೊಂಡು ಹೊರಟ. ಅತ್ತಿಗೆ ನನಗೆ ಫೋನ್ ಮಾಡಿ, "ಒಂಟ್ರು. ಸಾಯಂಕಾಲ ನಾನು ಆಲು ಕರೀಬೇಕು, ಬರಾಕಾಗಾಕಿಲ್ಲ. ನೀನು ಫೋನು ಮಾಡಿ ಅಂಗೇ ಮಡುಗ್ಬುಡು, ಇಲ್ಲಿಂದ್ಲೇ ಕೇಳ್ತೀನಿ" ಅಂದಳು.

ತಬಲದ ಕಂಡಕ್ಟರಿಗೆ ಮೊದಲೇ ಗುಟ್ಟು ಹೇಳಿ, ತಬಲವನ್ನು ಇಳಿಸಿ ಶ್ರುತಿ ಮಾಡಿಸಿಕೊಂಡಿದ್ದೆವು. ಅಕಾರ್ಡಿಯನ್ನಿನವನಿಗೆ ಮಾತ್ರ ಹೇಳಿರಲಿಲ್ಲ. ಅವನಿಗೆ ಹೇಳುವುದೂ ಒಂದೇ, ನಾಗಮಂಗಲ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಹೇಳುವುದೂ ಒಂದೇ. ಅಲ್ಲದೆ ಅವನು ಅವತ್ತು ಬರುವುದಿಲ್ಲ ಎಂದಿದ್ದ. ಯಾರದೋ ಮದುವೆಯ ಬೀಗರೂಟವಿತ್ತು, ಬಾಡೂಟ ಬಿಟ್ಟು ಸಂಗೀತಕ್ಕೆ ಬರುವಷ್ಟು ದೊಡ್ಡ ಕಲಾವಿದ ಅವನಲ್ಲ ಎಂದು ನಾವು ನಿಶ್ಚಿಂತೆಯಾಗಿದ್ದೆವು.

ಸಂಜೆ ಕೋಣೆಯಲ್ಲಿ ಚಾಪೆ ಹಾಸಿತ್ತು. ಸಾಹೇಬರ ಮನೆಯಿಂದ ಟೀ ಬಂತು, ನಾನು ತಂದ ನಿಪ್ಪಟ್ಟು ಎಲ್ಲರ ಕೈಗೂ ಹೋಯಿತು. ಹೊರಗೆ ಹೈವೇ ಕಡೆಯ ಹಾರನ್ನು, ಸ್ಟೇಷನ್ನಿನ ಕಡೆಯಿಂದ ಒಂದು ಗಾಡಿಯ ಕೂಗು. ಅಣ್ಣ ಬಾಗಿಲ ಹತ್ತಿರವೇ ಗೋಡೆಗೊರಗಿ ಕೂತಿದ್ದ. ತಿದಿ ನೋಡಿಸಿಕೊಂಡು ಹೊರಟುಬಿಡುವವನ ಹಾಗೆ ಮೊಪೆಡ್ಡಿನ ಕೀಲಿ ಕೈಯಲ್ಲೇ ಇತ್ತು. ಸಾಹೇಬರು ಅವನ ಪೇಟಿಯ ತಿದಿ ಬಿಚ್ಚಿ, "ಅರೆ ಭಾಯ್, ಇದು ಅಂಟು ಒಣಗಬೇಕು, ಕೂತ್ಕೊಳಿ ಕೂತ್ಕೊಳಿ" ಎಂದು ನಿಧಾನಮಾಡಿದರು. ನಾನು ಫೋನನ್ನು ಕಪಾಟಿನ ಮೇಲಿಟ್ಟೆ, ಆ ಕಡೆ ಅತ್ತಿಗೆ. ಒಂದೆರಡು ಭಜನೆಯಾದವು. ಅಣ್ಣನ ತಲೆಯೂ ಆಡಲಿಲ್ಲ, ಕಾಲೂ ಆಡಲಿಲ್ಲ.

ಆಗ ನಾನು ಸಾಹೇಬರ ಆ ಜರುಗುವ ಪೇಟಿಯಲ್ಲಿ ಅವನ ಪ್ರವೇಶದ ಹಾಡನ್ನು ಎತ್ತಿದೆ. ಬೇಕೆಂದೇ ತಪ್ಪಾಗಿ ಎತ್ತಿದೆ. "ಬಂದೆನಿದೋ" ಎಂಬಲ್ಲಿ ಒಂದು ಗಳಿಗೆ ತಡೆದು ಆಮೇಲೆ ಏರಬೇಕು, ಅದೇ ಅದರ ಗತ್ತು. ನಾನು ತಡೆಯದೆ, ಶಾಲೆ ಮಕ್ಕಳು ಮಗ್ಗಿ ಹೇಳಿದ ಹಾಗೆ ಸರಸರ ಹತ್ತಿಸಿಬಿಟ್ಟೆ. ಅವನ ಕೈಯಲ್ಲಿ ಅಲುಗುತ್ತಿದ್ದ ಕೀಲಿ ನಿಂತಿತು. ಮತ್ತೆ ಹಾಗೇ ನುಡಿಸಿದೆ. ಅಣ್ಣ ಒಮ್ಮೆ ಕೆಮ್ಮಿದ. ಮೂರನೇ ಸಲ ಇನ್ನೂ ಕೆಟ್ಟದಾಗಿ ನುಡಿಸಿದೆ. ಕಂಡಕ್ಟರು ನಗು ತಡೆಯಲಾರದೆ ತಬಲದ ಮೇಲೆ ಬಾಗಿಬಿಟ್ಟರು.

"ಅಂಗಲ್ಲ ಕಣಮ್ಮೀ!" ಎಂದು ಅಣ್ಣ ಗುಡುಗಿದ. "ಏನ್ ನುಡುಸ್ತಿದೀಯೆ? ರಾಜ ಬತ್ತಾವ್ನೋ, ಇಲ್ಲ ಬಸ್ಸು ತಪ್ಪೋಯ್ತದೆ ಅಂತ ಓಡ್ತಾವ್ನೋ?"

"ನನಗೆ ಹೀಗೇ ನೆನಪು. ಗೊತ್ತಿದ್ದರೆ ನೀನೇ ತೋರಿಸು" ಎಂದೆ, ತಲೆ ಎತ್ತದೆ.

ಎದ್ದು ಬಂದ. ಕತ್ತು ಚಾಚಿ ನನ್ನ ಬೆರಳು ನೋಡಿದ. ಬೆರಳು ಕರಿ ನಾಕಿನ ಮೇಲೆಯೇ ಇತ್ತು. ಅಣ್ಣ ನಿಂತಲ್ಲೇ ಗಂಟಲು ಸರಿಮಾಡಿಕೊಂಡು, "ಬಂದೆನಿ..." ಎಂದು ಎತ್ತಿ, ತಡೆದು, "...ದೋ" ಎಂದು ಏರಿದ.

ಏರಿಯೇಬಿಟ್ಟ! ಒಡೆಯಲಿಲ್ಲ. ಮೇಲೆ ಹೋಗಿ ನಿಂತು, ಅಲ್ಲೇ ಒಂದು ಸುತ್ತು ಹಾಕಿ, ರಾಜ ಸಿಂಹಾಸನಕ್ಕೆ ಬಂದ ಹಾಗೆ ನಿಧಾನಕ್ಕೆ ಇಳಿದ. ಅವನ ಮುಖ ನೋಡಬೇಕಿತ್ತು. ತನ್ನ ದನಿ ತನಗೇ ಸಿಕ್ಕಿದ ಆಶ್ಚರ್ಯದಲ್ಲಿ ಹುಬ್ಬು ಮೇಲೇರಿತ್ತು. ಕೀಲಿ ಹಿಡಿದ ಕೈ ಗದೆ ಹಿಡಿದ ಕೈಯಾಯಿತು. ಕಂಡಕ್ಟರು ತಬಲಕ್ಕೆ ಒಂದು ಏಟು ಕೊಟ್ಟರು ನೋಡಿ, ಕೋಣೆಗೆ ಕೋಣೆಯೇ ಎದ್ದು ಕುಣಿಯುವುದೊಂದು ಬಾಕಿ. ಸಾಹೇಬರು ಅಂಟಿನ ಕೈಯಲ್ಲೇ "ವಾಹ್ ವಾಹ್" ಎಂದು ಗಡ್ಡ ಮುಟ್ಟಿಕೊಂಡು, ಗಡ್ಡಕ್ಕೂ ಅಂಟು ಮಾಡಿಕೊಂಡರು. ನಾನು ಅಳುತ್ತಿದ್ದೆ, ನಗುತ್ತಿದ್ದೆ, ಬೆರಳು ಮಾತ್ರ ತಪ್ಪದಂತೆ ನೋಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಬಾಗಿಲು ದಬ್ಬಿಕೊಂಡು ಅಕಾರ್ಡಿಯನ್ನಿನವನು ಬಂದ.

ಬೀಗರೂಟ ಬೇಗ ಮುಗಿದಿತ್ತಂತೆ. ಬಾಯಿ ತುಂಬ ಎಲೆಅಡಿಕೆ, ಎದೆಯ ಮೇಲೆ ಅಕಾರ್ಡಿಯನ್ನು, ಕಣ್ಣು ಅಣ್ಣನ ಮೇಲೆ. ಎಷ್ಟೋ ತಿಂಗಳಾದ ಮೇಲೆ ಹಳೇ ಸ್ನೇಹಿತ ಬಾಯಿ ಬಿಟ್ಟು ಹಾಡುತ್ತಿರುವುದನ್ನು ಕಂಡು ಅವನಿಗೆ ಕಾಲು ನಿಲ್ಲಲಿಲ್ಲ. ನಾನು ತಲೆ ಅಲ್ಲಾಡಿಸಿದೆ, ಸಾಹೇಬರು ಕೈ ಬೀಸಿದರು. ಅದೆಲ್ಲ ನಾವು ಅವನನ್ನು ಸ್ವಾಗತಿಸುತ್ತಿದ್ದೇವೆ ಎಂದು ಅವನ ಎಣಿಕೆ. ಹಾಡುವವನು ಕರಿ ನಾಕು, ನನ್ನ ಬೆರಳೂ ಕರಿ ನಾಕಿನ ಮೇಲೆ, ಇನ್ನು ಕಿವಿ ಕೊಟ್ಟು ಕೇಳುವುದೇನಿದೆ? ಬೆಲ್ಟು ಬಿಗಿದು, ಕರಿ ನಾಕು ಹಿಡಿದು, ಸರ್ವ ಶಕ್ತಿಯಿಂದ ಹಿಗ್ಗಿಸಿಬಿಟ್ಟ.

ಅಬ್ಬಬ್ಬಾ, ಅದೇನು ಅಪಸ್ವರ! ಒಂದೇ ಕೋಣೆಯಲ್ಲಿ ಎರಡು ಮದುವೆಯ ಮೆರವಣಿಗೆ ಎದುರಾದ ಹಾಗೆ. ಅಣ್ಣ ನಿಲ್ಲಿಸಿದ, ತಬಲ ನಿಂತಿತು, ನಾನು ಕೈ ತೆಗೆದೆ. ಅಕಾರ್ಡಿಯನ್ನು ಮಾತ್ರ ಇನ್ನೊಂದು ಸುತ್ತು ಹೋಗಿ, ತಾನೊಬ್ಬನೇ ಇದ್ದೇನೆ ಎಂದು ಗೊತ್ತಾಗಿ ಉಸಿರು ಬಿಟ್ಟಿತು.

"ಥೂ, ಆ ಬಸ್ಸಿನೋನು ನನ್ ಪೇಟಿ ಕೆಡುಸ್ಬುಟ್ಟವ್ನೆ" ಎಂದು ಅವನು ಅಕಾರ್ಡಿಯನ್ನಿಗೆ ಒಂದು ತಟ್ಟು ಕೊಟ್ಟ. "ಸೀಟಿನ್ ಕೆಳುಗೆ ಮಡುಗ್ಬ್ಯಾಡ ಅಂದೆ, ಕೇಳುದ್ನಾ?" ಎಂದು ಮತ್ತೆ ಒತ್ತಿದ. ಕರಿ ನಾಕು, ಅಪ್ಪಟ ಕರಿ ನಾಕು, ಕೋಣೆಯ ಗೋಡೆಗೆ ಬಡಿಯಿತು.

ಎರಡನ್ನೂ ಪಕ್ಕಪಕ್ಕ ಕೇಳಿದ ಮೇಲೆ ಅಣ್ಣನಿಗೆ ಆ ದನಿ ಗೊತ್ತಾಗದಿರುತ್ತದೆಯೇ? ಹೆಸರೇ ಅದು. ಅವನು ಅಕಾರ್ಡಿಯನ್ನನ್ನು ನೋಡಿದ, ನನ್ನ ಮುಂದಿದ್ದ ಪೇಟಿ ನೋಡಿದ, ಬಗ್ಗಿ ತಾನೇ ಒಂದು ಬೆರಳಿಂದ ಅದರ ಕರಿ ನಾಕು ಒತ್ತಿದ. ಪಾಪದ ಬಿಳಿ ನಾಕು ಮಾತಾಡಿತು. ಪಕ್ಕದ ಗುಬುಟಿನ ಮೇಲೆ ನಾನು ಮುಚ್ಚಿದ್ದ ಕರ್ಚೀಫು ಎತ್ತಿದ. ಅವನ ಮುಖದ ಬೆಳಕು ಇಳಿಯುತ್ತಾ ಬಂತು.

"ಏನಮ್ಮಿ ಇದು?"

ನನಗೆ ತಪ್ಪೊಪ್ಪಿಕೊಳ್ಳುವುದು ಬರುವುದಿಲ್ಲ, ಜಗಳವಾಡುವುದು ಬರುತ್ತದೆ. "ಹೌದು, ಜರುಗಿಸಿದ್ದೇವೆ! ಮೂರು ಮನೆ ಇಳಿಸಿದ್ದೇವೆ, ಏನೀಗ? ಇಷ್ಟು ಹೊತ್ತು ಹಾಡಿದವನು ಯಾರು, ಪಕ್ಕದ ಮನೆಯವನಾ? ನಿನ್ನ ದನಿ ಅಲ್ಲವಾ ಅದು? ನನಗೆ ಕರಿ ನಾಕು ಬೇಡ ಅಣ್ಣಯ್ಯ, ನೀನು ಹಾಡೋದು ಬೇಕು" ಎಂದೆ. ಕೊನೆಗೆ ದನಿ ಒಡೆದದ್ದು ನನ್ನದೇ.

ಅಣ್ಣ ಕೈಯಲ್ಲಿದ್ದ ಕೀಲಿ ಬಿಗಿಹಿಡಿದು ಬಾಗಿಲ ಕಡೆ ತಿರುಗಿದ. ಮುಗಿಯಿತು, ಇನ್ನು ಇವನು ಜನ್ಮದಲ್ಲಿ ಹಾಡುವುದಿಲ್ಲ, ನಾವೇ ಕೈಯಾರೆ ಹಾಳು ಮಾಡಿಬಿಟ್ಟೆವು ಎಂದು ನಾನು ಪೇಟಿಯ ಮೇಲೆ ಕಣ್ಣಿಟ್ಟು ಕೂತುಬಿಟ್ಟೆ.

ಆಗ ಕಪಾಟಿನ ಮೇಲಿಂದ ಫೋನು ಕಿರುಚಿತು.

"ಯಾಕ್ ನಿಲ್ಸ್‌ಬುಟ್ರಿ? ಲೋ ಯಾರ್‍ರೋ ಅಲ್ಲಿ! ಅಸ ಈಗ್ ತಾನೆ ಸೊರೆ ಬುಟ್ಟದೆ, ಬಕೀಟು ಅರ್ದ ಆಗದೆ, ಆಡಿ ಅನ್ನಿ ಅವ್ರುನ್ನ!"

ಫೋನಿದೆ ಎಂಬುದನ್ನೇ ನಾನು ಮರೆತಿದ್ದೆ. ಅಣ್ಣ ಬೆಚ್ಚಿಬಿದ್ದು ಕಪಾಟಿನ ಕಡೆ ನೋಡಿದ. ಫೋನಿನಲ್ಲಿ ಹಸು ಒಂದು ಸಲ ಅಂಬಾ ಅಂದಿತು. ಮೊದಲು ಕಂಡಕ್ಟರಿಗೆ ನಗು ಬಂತು, ಆಮೇಲೆ ಸಾಹೇಬರಿಗೆ. ಅಣ್ಣ ಸಿಟ್ಟು ಹಿಡಿದುಕೊಳ್ಳಲು ನೋಡಿದ, ಅವನ ಮೀಸೆ ಅವನ ಮಾತು ಕೇಳಲಿಲ್ಲ. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಕೈಯೂರಿ, ಕಣ್ಣಲ್ಲಿ ನೀರು ಬರುವಂತೆ ನಕ್ಕ.

"ಅದುಕ್ಕೇ ಅನ್ಕೊಂಡೆ," ಅಂದ, ಕಣ್ಣೊರೆಸಿಕೊಳ್ಳುತ್ತಾ. "ಇದೇನು ಇವತ್ತು ಇಂಗೆ ಸಲೀಸಾಗಿ ಮ್ಯಾಕ್ಕೆ ಅತ್ತುತಾ ಅದಲ್ಲ ಅಂತ. ದ್ಯಾವ್ರು ಕಣ್ ಬುಟ್ಟ ಅನ್ಕೊಂಡೆ. ನೋಡುದ್ರೆ ನೀವು ಕಳ್ನನ್‌ ಮಕ್ಳು!"

ಅಕಾರ್ಡಿಯನ್ನಿನವನಿಗೆ ಆಗಲೂ ಏನೂ ಅರ್ಥವಾಗಿರಲಿಲ್ಲ. "ಅಂಗಾದ್ರೆ ನನ್ ಪೇಟಿ ಕೆಟ್ಟಿಲ್ವಾ?" ಎಂದು ಕೇಳಿದ.

"ಪೇಟಿ ನೆಟ್ಟಗದೆ ಕಣ್ಲಾ. ನಿನ್ ಕಿವೀಲಿ ಬೀಗ್ರೂಟದ್ ಮೂಳೆ ಸಿಕ್ಕಾಕಂಡದೆ" ಎಂದು ಅಣ್ಣ ಅವನ ಬೆನ್ನಿಗೆ ಗುದ್ದಿದ. ಆಮೇಲೆ ತಲೆ ಸವರಿಕೊಂಡ. ಸಾಹೇಬರ ಕಡೆ ತಿರುಗಿ, "ಸಾಬ್ರೆ, ಆ ಮನೆಗುಳ್ನ ಎಲ್ಲಿದ್ವೋ ಅಲ್ಲೇ ಕೂರ್‍ಸಿ. ಕದ್ದು ಬ್ಯಾಡ" ಅಂದ. ಸಾಹೇಬರು ಗುಬುಟು ಹಿಡಿದು ಸಾಲನ್ನು ಮೊದಲಿನ ಜಾಗಕ್ಕೆ ಸರಿಸಿದರು. ಟಕ್ ಎಂದು ಕೂತಿತು.

ಅಣ್ಣ ಅಕಾರ್ಡಿಯನ್ನಿನವನ ಕಡೆ ನೋಡಿದ. "ಲೇ, ಬಿಳಿ ನಾಕುಕ್ಕೆ ಬಾರ್ಲಾ."

"ಯಾರ್ಗೆ?"

"ನಂಗೆ ಕಣ್ಲಾ. ಮನೆ ಬದ್ಲಾಯ್ಸಿವ್ನಿ" ಅಂದ ಅಣ್ಣ. "ತಲೆ ಬೆಳ್ಳುಗಾದಾಗ ನಾಟ್ಕ ಬುಟ್ನಾ? ಬುಡ್ನಿಲ್ವಲ್ಲ. ಸುರುತಿ ಬೆಳ್ಳುಗಾದ್ರೆ ಯಾಕ್ ಬುಡ್ಲಿ?"

ಅಯ್ಯೋ, ನನಗೆ ಆಗ ಆದ ಸಂತೋಷವನ್ನು ಹೇಗೆ ಬರೆಯಲಿ! ಎದ್ದು ಅವನನ್ನು ತಬ್ಬಿಕೊಳ್ಳೋಣ ಅನ್ನಿಸಿತು, ಆದರೆ ನಮ್ಮಲ್ಲಿ ಅಂಥದ್ದೆಲ್ಲ ಅಭ್ಯಾಸವಿಲ್ಲ. ಒಂದು ನಿಪ್ಪಟ್ಟು ಎತ್ತಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ಮುರಿದು ಅರ್ಧ ನನಗೇ ವಾಪಸು ಕೊಟ್ಟ. ಫೋನಿನಿಂದ ಅತ್ತಿಗೆ, "ಶುರು ಮಾಡುದ್ರಾ ಇಲ್ವಾ?" ಎಂದು ಅವಸರಿಸುತ್ತಿದ್ದಳು. ಕಂಡಕ್ಟರು ತಬಲಕ್ಕೆ ಪುಡಿ ಸವರಿಕೊಂಡರು. ಅಕಾರ್ಡಿಯನ್ನಿನವನು ಎಲೆಅಡಿಕೆ ಉಗಿದು ಬಂದು, ಈ ಸಲ ಕಿವಿಯನ್ನು ಅಣ್ಣನ ಬಾಯಿಯ ಹತ್ತಿರಕ್ಕೇ ತಂದು ನಿಂತ.

ಅಣ್ಣ ಚಾಪೆಯ ನಡುವೆ ಬಂದು ನಿಂತು, ಪಂಚೆ ಸರಿಮಾಡಿಕೊಂಡ. "ಎಲ್ಲಿ, ಸುರುತಿ ಕೊಡಮ್ಮಿ" ಅಂದ.

ನಾನು ತಿದಿ ಹಾಕಿ ಬೆರಳಿಟ್ಟೆ. ದನಿ ಕೇಳಿ ಅಣ್ಣ ಬಾಯಿ ತೆರೆದವನು ಹಾಗೇ ನಿಂತ. ಅವನು ಹಾಡದಿರುವುದನ್ನು ಕಂಡು ನಾನು ತಲೆ ತಗ್ಗಿಸಿ ನೋಡಿದರೆ, ನನ್ನ ಬೆರಳು ಕರಿ ನಾಕಿನ ಮೇಲಿತ್ತು. ಇಷ್ಟೆಲ್ಲ ನಾಟಕ ಹೂಡಿದವಳು ನಾನು, ಜಗಳವಾಡಿದವಳು ನಾನು, ಲಂಗದ ಕಾಲದಿಂದ ಅಣ್ಣ ಎಂದರೆ ಆ ಮನೆ ಎಂದು ಕಲಿತ ಬೆರಳು ಮಾತ್ರ ತಾನಾಗಿಯೇ ಅಲ್ಲಿಗೆ ಹೋಗಿತ್ತು. ಅದನ್ನು ಅಲ್ಲಿಂದ ಎತ್ತಬೇಕು ಎನ್ನುವಾಗ ನನಗೆ ಯಾಕೋ ಕೈ ಬರಲಿಲ್ಲ.

ಅಣ್ಣ ಬಗ್ಗಿದ. ನನ್ನ ಬೆರಳನ್ನು ಹಿಡಿದು, ಎಳೆ ಮಗುವಿನ ಕೈ ಹಿಡಿದು ರಸ್ತೆ ದಾಟಿಸುವ ಹಾಗೆ ಎತ್ತಿ, ಎಡಕ್ಕೆ ಸರಿಸಿ, ಬಿಳಿ ನಾಕಿನ ಮೇಲಿಟ್ಟ.

"ಇಲ್ಲಿ ಕಣಮ್ಮಿ, ಈಗ ಇಲ್ಲಿವ್ನಿ" ಅಂದ.

ಒತ್ತಿದೆ. ಅಣ್ಣ ಹಾಡಿದ.